ಹೊರಗಿಂದ ಒಳಕ್ಕೆ

ಸ್ಕ್ಯಾನ್ ಕೋಣೆಯ ಪರದೆಯ ಮೇಲೆ ಮುರಿದ ಕಾಲೊಂದರ ಚಿತ್ರವಿತ್ತು. ಸ್ಕ್ಯಾನ್ ಡಾಕ್ಟರ್ ಬೆರಳಿಟ್ಟು ತೋರಿಸಿದರು.

“ನೋಡಿ ಮೇಡಂ. ಸೋಂಕು ಇರೋ ಕಡೆ ಹೊಳೆಯುತ್ತೆ. ಮೂಳೆಗೆ ಕೂರಿಸಿದ ಪ್ಲೇಟಿನ ಸುತ್ತ ಏನೂ ಇಲ್ಲ. ಹೊಳೀತಿರೋದು ಮೀನಖಂಡದ ಹೊರಬದಿ.”

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. “ಅದಕ್ಕೆ ಪೊಲೀಸರ್ಯಾಕೆ?”

“ಮೂಳೆಯ ಸೋಂಕಾದರೆ ಒಳಗಿಂದ ಹೊರಕ್ಕೆ ಬರುತ್ತೆ. ಇದು ಹೊರಗಿಂದ ಒಳಕ್ಕೆ ಹೋಗಿದೆ. ಚರ್ಮದಿಂದ ಶುರುವಾದ ಗೆರೆಗಳು ಕಾಣ್ತಿವೆಯಾ? ಒಂದರ ತುದೀಲಿ ಸೂಜಿಯ ಚೂರಿದೆ. ರಕ್ತದಲ್ಲಿ ಸಿಕ್ಕಿದ್ದು ಕೊಳೆ ನೀರಿನ ಕ್ರಿಮಿ.”

“ಅಂದ್ರೆ ಯಾರೋ ಚುಚ್ಚಿದ್ದಾರೆ.”

“ಒಂದೇ ಸಲ ಅಲ್ಲ. ಸರ್ಜನ್ ಪ್ಲೇಟ್ ತೆಗೆಯೋಕೆ ಹೊರಟಿದ್ರು. ಈಗ ಅದನ್ನ ಮುಟ್ಟಲ್ಲ, ಇಲ್ಲಿ ಕುಯ್ದು ಕೀವು ತೆಗೀತಾರೆ. ಕಾಲು ಉಳಿಯುತ್ತೆ. ಇನ್ನೊಂದು ಸಲ ಚುಚ್ಚಿದ್ರೆ ಜೀವ ಉಳಿಯಲ್ಲ.”

ಡಾಕ್ಟರ್ ಚಿತ್ರವನ್ನು ಮೇಲಕ್ಕೆ ಸರಿಸಿದರು. “ಪಕ್ಕೆಲುಬು ನೋಡಿ. ಮುರಿದು ಕೂಡಿಕೊಂಡಿವೆ. ಒಂದೊಂದು ಮುರಿತಕ್ಕೂ ಒಂದೊಂದು ವಯಸ್ಸು.”

“ಹೆಂಡತಿ ಮೆಟ್ಟಿಲಿಂದ ಬಿದ್ದಳು ಅಂತ ಗಂಡ ಬರೆಸಿದ್ದಾನೆ.”

“ಹಾಗಾದ್ರೆ ಬಹಳ ಸಲ ಬಿದ್ದಿರಬೇಕು.”

* * *

ಗಂಡ ವಾರ್ಡಿನ ಹೊರಗೆ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ದನಿ.

“ಹೆಂಡತಿ ಹೇಗೆ ಬಿದ್ದಳು?”

“ಕಾಲು ಜಾರಿತು. ಅವಳಿಗೆ ನೆಲ ನೋಡಿ ನಡೆಯೋ ಅಭ್ಯಾಸ ಇಲ್ಲ.”

“ಪಕ್ಕೆಲುಬು?”

ಅವನ ಕಣ್ಣು ಕಿರಿದಾಯಿತು. “ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಮಾತು ಹೋಗುತ್ತೆ.”

“ಸೂಜಿ ಚುಚ್ಚಿದ್ದು ನೀನೇನಾ?”

“ನಾನ್ಯಾಕೆ ಚುಚ್ಚಲಿ? ಮನೇಲಿ ಗುಡಿಸೋರಿಲ್ಲ, ಬೇಯಿಸೋರಿಲ್ಲ. ಬೇಗ ಕಳಿಸಿಕೊಡಿ ಅಂತ ದಿನಾ ಡಾಕ್ಟರ ಕಾಲು ಹಿಡೀತಿದೀನಿ. ನಾಳೆ ಕರ್ಕೊಂಡು ಹೋಗಿ ಅಂತಾರೆ, ಬೆಳಗಾಗೋದ್ರಲ್ಲಿ ಜ್ವರ!”

ಅವನನ್ನೇ ಎಳೆದುಕೊಂಡು ಹೋಗಲು ಇನ್ಸ್‌ಪೆಕ್ಟರ ಕೈ ತುರಿಸುತ್ತಿತ್ತು. ಆದರೆ ಆ ಕೊನೆಯ ಮಾತು ಸುಳ್ಳಲ್ಲ. ಪಕ್ಕದಲ್ಲಿದ್ದ ನರ್ಸ್ ಕೂಡ ಹೌದೆಂದು ತಲೆಯಾಡಿಸಿದಳು.

ಇನ್ಸ್‌ಪೆಕ್ಟರ್ ಒಳಗೆ ಹೋಗಿ ಮಂಚದ ಬಳಿ ನಿಂತಳು. ಮುರಿದ ಕಾಲು ಗೋಡೆಯ ಕಡೆಗಿತ್ತು. ನರ್ಸ್, ಡಾಕ್ಟರ್, ಗಂಡ, ಎಲ್ಲರೂ ಬರುವುದು ಈಚೆಯಿಂದ. ಆಚೆ, ಗೋಡೆಗೂ ಮಂಚಕ್ಕೂ ನಡುವೆ, ಒಂದು ಚಾಪೆ ಹಾಸಿತ್ತು.

* * *

ತಾಯಿ ಒದ್ದೆ ಬಟ್ಟೆಯಿಂದ ಮಗಳ ಹಣೆ ಒರೆಸುತ್ತಿದ್ದಳು.

“ಅಮ್ಮಾ, ಸ್ವಲ್ಪ ಹೊರಗೆ ಬನ್ನಿ.”

“ಇಲ್ಲೇ ಕೇಳು ತಾಯೀ. ಅವಳಿಗೆ ತಿಳೀದೇ ಇರೋದು ಏನೂ ಇಲ್ಲ.”

“ಚುಚ್ಚಿರೋದು ಗೋಡೆ ಕಡೆಯಿಂದ. ಅಲ್ಲಿ ಮಲಗೋರು ನೀವೊಬ್ಬರೇ. ನಿಮ್ಮ ಅಳಿಯ ದಿನಾ ಬರ್ತಾನೆ, ಜ್ವರ ದಿನಾ ಬರಲ್ಲ. ಮನೆಗೆ ಕಳಿಸ್ತೀವಿ ಅಂದಾಗ ಮಾತ್ರ ಬರುತ್ತೆ. ಇವಳು ಇಲ್ಲೇ ಇರಲಿ ಅಂತ ಬಯಸೋರು ಯಾರು?”

ತಾಯಿ ಬಟ್ಟೆ ಹಿಂಡಿದಳು. ತಪ್ಪಿಸಿಕೊಳ್ಳಲು ನೋಡಲಿಲ್ಲ.

“ಕೈ ತೊಳೆಯೋ ತೊಟ್ಟಿಯ ಕೊಳೆ ನೀರು. ಬಿಸಾಕಿದ ಸಿರಿಂಜು. ಚೂರು ಜ್ವರ ಬಂದ್ರೆ ಸಾಕಿತ್ತು ನನಗೆ.”

“ಸತ್ತೇ ಹೋಗ್ತಿದ್ದಳಲ್ಲಮ್ಮಾ!”

“ಆ ಮನೆಗೆ ಹೋದ್ರೆ ಬದುಕ್ತಾಳಾ? ನಿಮ್ಮ ಠಾಣೆಗೂ ಬಂದಿದ್ದೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ನಕ್ಕು ಕಳಿಸಿದ್ರು. ನನ್ನ ಹತ್ರ ಇಟ್ಕೊಳ್ಳೋಣ ಅಂದ್ರೆ, ನಾನೇ ಒಬ್ಬರ ಮನೇಲಿ ಬೇಯಿಸಿ ಹಾಕಿ ಮೂಲೇಲಿ ಮಲಗೋಳು. ಇಲ್ಲಿ ಬಾಗಿಲಿಗೆ ಕಾವಲಿದೆ. ಯಾರೂ ಹೊಡೆಯಲ್ಲ.”

ಇನ್ಸ್‌ಪೆಕ್ಟರ್ ಮಗಳ ಕಡೆ ತಿರುಗಿದಳು. “ನಿನಗೆ ಗೊತ್ತಿತ್ತಾ?”

“ಚುಚ್ಚಿದ್ರೆ ಗೊತ್ತಾಗಲ್ವಾ ಮೇಡಂ? ಅಮ್ಮ ಅಳ್ತಾ ಚುಚ್ಚೋಳು. ನಾನು ನಿದ್ದೆ ಬಂದವಳ ಹಾಗೆ ಇರ್ತಿದ್ದೆ.”

* * *

ಕೀವು ತೆಗೆದರು. ಆ ಕ್ರಿಮಿಗೆ ತಕ್ಕ ಔಷಧಿ ಹಿಡಿಯಿತು. ಮತ್ತೆ ಸ್ಕ್ಯಾನ್ ಮಾಡಿದಾಗ ಕಾಲಿನಲ್ಲಿ ಹೊಳಪಿರಲಿಲ್ಲ. ತಾಯಿ ಆಗಲೇ ಜೈಲಿನಲ್ಲಿದ್ದಳು.

ಡಿಸ್ಚಾರ್ಜ್ ದಿನ ಇನ್ಸ್‌ಪೆಕ್ಟರ್ ಬಂದು ಮಂಚದಂಚಿಗೆ ಕೂತಳು. “ಒಂದೇ ಒಂದು ಮಾತು ಹೇಳು. ಅವನನ್ನ ಒಳಗೆ ಹಾಕ್ತೀನಿ. ಪಕ್ಕೆಲುಬಿನ ಚಿತ್ರ ಇದೆ ನನ್ನ ಹತ್ರ.”

“ಜಾಮೀನು ತಗೊಂಡು ಬರ್ತಾನೆ. ಆಮೇಲೆ? ಅಮ್ಮನೂ ಇಲ್ಲ. ನಾನೆಲ್ಲಿಗೆ ಹೋಗ್ಲಿ?”

“ಹೆಂಗಸರ ಆಶ್ರಯ ಇದೆ.”

“ಜಾಗ ಇದೆಯಾ ಅಲ್ಲಿ?”

ಇನ್ಸ್‌ಪೆಕ್ಟರ್ ಬೆಳಿಗ್ಗೆಯೇ ವಿಚಾರಿಸಿದ್ದಳು. ಇರಲಿಲ್ಲ.

“ಮೆಟ್ಟಿಲಿಂದ ಬಿದ್ದೆ ಅಂತಲೇ ಬರ್ಕೊಳ್ಳಿ ಮೇಡಂ.”

ಗಂಡ ತಳ್ಳುಕುರ್ಚಿ ತಂದ. ಹೆಂಡತಿಯನ್ನು ಮೆಲ್ಲಗೆ ಎತ್ತಿ ಕೂರಿಸಿದ. ಬಾಗಿಲ ಬಳಿ ನಿಂತು ಹಿಂದಿರುಗಿ ನೋಡಿದ.

“ನೀವು ಪತ್ತೆ ಮಾಡದೇ ಇದ್ದಿದ್ರೆ ಇವಳು ಇನ್ನೂ ಇಲ್ಲೇ ಬಿದ್ದಿರ್ತಿದ್ದಳು,” ಎಂದ. “ದೊಡ್ಡ ಉಪಕಾರ ಆಯ್ತು ಮೇಡಂ.”