ಬರ್ತೀವಿ ಎಂದ ಬಾಯಿ

“ಬಾವ್ಯಾಗಿಂದ ಮ್ಯಾಲ ಏರೂಮುಂದ ಹೋಗ್ತೀನಿ ಅನ್ರಿ ಸಾಹೇಬ್ರ. ಬರ್ತೀನಿ ಅಂತ ಮಾತ್ರ ಅನ್ನಬ್ಯಾಡ್ರಿ.”

ಇಷ್ಟು ಹೇಳಿ ರುಕ್ಮಿಣಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಂಡಿ ಕಡೆಯಿಂದ ತ್ರ್ಯಂಬಕೇಶ್ವರದಾಚೆಯ ಈ ಸಣ್ಣ ಹಳ್ಳಿಗೆ ಸೊಸೆಯಾಗಿ ಬಂದ ಮುದುಕಿ ಅವಳು. ಊರಿಗೆ ಹೆಮ್ಮೆಯೆಂದು ಇದ್ದದ್ದು ಒಂದೇ, ಕಲ್ಲುಮೆಟ್ಟಿಲಿನ ಹಳೆಯ ಬಾವಿ. ಕನ್ನಡ ಸೀಮೆಯ ಮಾಟಗಾರನೊಬ್ಬ ಸ್ವಂತ ಹೆಂಡತಿಯನ್ನೇ ಮಂತ್ರ ಹಾಕಿ ಅದರಲ್ಲಿ ಕಟ್ಟಿ, ಬರ್ತೀನಿ ಎಂದು ಹೋದವನು ಬರಲೇ ಇಲ್ಲವಂತೆ. ಅಂದಿನಿಂದ ಆ ಮಾತು ಆಡಿದವರನ್ನು ಅವಳು ಬಿಡುವುದಿಲ್ಲವಂತೆ.

ಅರವಿಂದ ನಕ್ಕುಬಿಟ್ಟ. ಧಾರವಾಡದಿಂದ ನಾಸಿಕ್‌ಗೆ ವರ್ಗವಾಗಿ ಬಂದು ಅಲ್ಲೇ ಬೇರುಬಿಟ್ಟ ಬ್ಯಾಂಕಿನವನು. ರಜೆ ಬಂತೆಂದರೆ ಹಳೆಯ ಕಲ್ಲುಗಳ ಫೋಟೋ ತೆಗೆಯುವ ಹುಚ್ಚು. ಹೋಗ್ತೀನಿ ಎಂದರೆ ಅಪಶಕುನವೆಂದು ಅವನ ತಾಯಿ ಹೊಸ್ತಿಲಲ್ಲೇ ಬೈಯುತ್ತಿದ್ದಳು, ಇಲ್ಲಿ ಎಲ್ಲ ಉಲ್ಟಾ! ಮಗಳು ರುಚಿತಾಳ ಕೈ ಹಿಡಿದು ಇಳಿದ. ಅವಳಿಗೆ ಕನ್ನಡ ತಿಳಿಯುತ್ತಿತ್ತು, ನಾಲಿಗೆಗೆ ಮಾತ್ರ ಮರಾಠಿಯೇ ಬರುತ್ತಿತ್ತು.

ಕೆಳಗೆ ಪಾಚಿ, ಬಾವಲಿ ಹಿಕ್ಕೆ, ಕೊಳೆತ ಹೂವಿನ ವಾಸನೆ. ಹೊರಡುವಾಗ ಅರವಿಂದ ಬೇಕೆಂದೇ ಕತ್ತಲಿಗೆ ಕೈಮುಗಿದ.

“ಹೋಗಿ ಬರ್ತೀವ್ರಿ.”

ನೀರು ಅಲುಗಿತು. “ಬರ್ರಿ,” ಎಂದಿತು ಒಂದು ಹೆಣ್ಣುದನಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ರುಚಿತಾಳ ಕೂದಲು ಒಣಗಲಿಲ್ಲ. ದಿಂಬಿನಲ್ಲಿ ಪಾಚಿಯ ವಾಸನೆ. ಡಾಕ್ಟರು ಕೈಚೆಲ್ಲಿದರು, ಮಾಡಿಸಿದ ಶಾಂತಿಯೂ ಫಲಿಸಲಿಲ್ಲ. ಹುಡುಗಿ ದಿನದಿನಕ್ಕೆ ತಣ್ಣಗಾಗುತ್ತ ಹೋದಳು. ನಕ್ಕಿದ್ದ ಅರವಿಂದನಿಗೆ ಈಗ ಭಯವೊಂದೇ ಉಳಿದಿತ್ತು. ಆಡಿದವನು ನಾನು, ತೀರಿಸುವವನೂ ನಾನೇ ಎಂದುಕೊಂಡು, ಮಗಳನ್ನು ಹೆಂಡತಿ ಮಂದಾಕಿನಿಯ ಮಡಿಲಿಗೆ ಹಾಕಿ ಒಬ್ಬನೇ ಹೊರಟ.

ಮಟಮಟ ಮಧ್ಯಾಹ್ನ. ಬಾವಿಯೊಳಗೆ ಮಾತ್ರ ಕತ್ತಲು. ಇಳಿದ. ನೀರು ಮೊಣಕಾಲಿಗೆ ಬಂತು. ಎದೆಗೆ ಬಂತು.

“ನಾ ಬಂದೀನಿ ತಾಯಿ. ಮಗಳನ್ನ ಬಿಡು.”

“ಬರ್ತೀವಿ ಅಂದಿದ್ರಿ,” ಎಂದಿತು ದನಿ, ಕಿವಿಯ ಹತ್ತಿರವೇ.

ಅರವಿಂದನಿಗೆ ಆಗ ಹೊಳೆಯಿತು. ಬರ್ತೀನಿ ಅಲ್ಲ. ಬರ್ತೀವಿ. ಬಾಯಿಚಟಕ್ಕೆ ಜಾರಿದ ಒಂದೇ ಒಂದು ಅಕ್ಷರ.

ಮೇಲೆ ಗೆಜ್ಜೆಯ ಸದ್ದು, ಮನೆಯಲ್ಲಿ ಬಿಟ್ಟುಬಂದ ಮಗಳದೇ. ಒದ್ದೆ ಪಾದ. ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ. ಬರಬೇಡ ಎಂದು ಕೂಗಹೋದ. ಬಾಯಿ ತುಂಬ ನೀರು.

ರುಚಿತಾ ಅವನತ್ತ ನೋಡಲಿಲ್ಲ. ಕೊನೆಯ ಮೆಟ್ಟಿಲಲ್ಲಿ ನಿಂತು ಕತ್ತಲಿಗೆ ಕೈಮುಗಿದು, ಎಂದೂ ಆಡದ ಸ್ವಚ್ಛ ಕನ್ನಡದಲ್ಲಿ ಹೇಳಿದಳು.

“ನಾವು ಬಂದೀವ್ರಿ.”