ತಾತನ ಹಣೆಯ ಹತ್ತು ಸೆಂಟು

“ಜೇಬೆಲ್ಲ ಯಾಕೇ ತಡಕ್ತಿದ್ದೀಯ? ಸ್ಕೂಲಿಗೆ ಹೊತ್ತಾಯ್ತು!” ಅಮ್ಮ ಕೂಗಿದಳು.

ಭಾಗ್ಯ ತಾತನ ಮೂರನೇ ಅಂಗಿಯ ಜೇಬಿಗೆ ಕೈ ಹಾಕಿದ್ದಳು. ತಾತನನ್ನು ಮಣ್ಣು ಮಾಡಿ ಆಗಿತ್ತು. ನಿನ್ನೆ ಹಾಲುತುಪ್ಪ ಮುಗಿದು ನೆಂಟರೂ ಹೊರಟಿದ್ದರು. ಇವತ್ತು ಮತ್ತೆ ಸ್ಕೂಲು. ಅಲ್ಲಿ ಗೆಳತಿ ಮರಿಯ ಇರುತ್ತಾಳೆ.

ಮರಿಯ ಹಳೆಯ ಅಮೇರಿಕಾದ ಹತ್ತು ಸೆಂಟಿನ ನಾಣ್ಯಗಳನ್ನು ಕೂಡಿಡುತ್ತಿದ್ದಳು. ಅವಳಪ್ಪ ವೈಟ್‌ಫೀಲ್ಡಿಗೆ ಬರುವ ಫಾರಿನ್‌ನವರಿಗೆ ಟ್ಯಾಕ್ಸಿ ಓಡಿಸುತ್ತಿದ್ದರು; ಅವರು ಕೊಟ್ಟ ಚಿಲ್ಲರೆ ಇವಳಿಗೆ. ಬೆಳ್ಳಿಯದು ಅವಳ ಹತ್ತಿರ ಒಂದೇ ಇತ್ತು. ೧೯೪೧ರದು. ಅದರಲ್ಲಿದ್ದ ಮುಖದ ಟೋಪಿಗೆ ರೆಕ್ಕೆ.

“ಇವ್ನು ಗರುಡ ಕಣಮ್ಮಿ! ಅಮೇರಿಕಾದಲ್ಲೂ ಪೂಜೆ ಮಾಡ್ತಾರೆ,” ಎಂದು ತಾತ ಅದನ್ನು ಮರಿಯಳನ್ನು ಒಂದು ದಿನಕ್ಕೆ ಕೇಳಿ ತಂದಿದ್ದ, ಟೀ ಅಂಗಡಿಯ ಮುನಿಯಣ್ಣನಿಗೆ ತೋರಿಸಲು. ಮುನಿಯಣ್ಣ ಕಾಸಿನ ಹಿಂಬದಿ ತಿರುಗಿಸಿ, “ಇಲ್ಲಿ ಕೊಡಲಿ ಐತೆ, ಸೌದೆ ಕಟ್ಟು ಐತೆ. ಗರುಡ ಯಾವಾಗ ಸೌದೆ ಡಿಪೋ ಮಡಗಿದ್ದ?” ಎಂದನಂತೆ. ತಾತ ಎರಡು ದಿನ ಟೀ ಕುಡಿಯಲಿಲ್ಲ. ಕಾಸು ವಾಪಸ್ ಕೊಡುವ ಮೊದಲೇ ಹೋಗಿಬಿಟ್ಟ.

“ಆ ಬೆಳ್ಳಿ ಕಾಸಾ ಹುಡುಕ್ತಿರೋದು?” ಪಕ್ಕದ ಮನೆಯ ಮಾರಕ್ಕ ಬಾಗಿಲಲ್ಲೇ ನಿಂತು ಹೇಳಿದಳು. “ಜೇಬಲ್ಲಿ ಸಿಕ್ತು. ಪಳಪಳ ಅಂತಿತ್ತು. ನಿಮ್ತಾತನ ಹಣೆಗೆ ನಾನೇ ಅಂಟಿಸ್ದೆ.”

“ಅಯ್ಯೋ! ಮಣ್ಣಿಗೆ ಹೋಯ್ತಾ?”

“ಹಣೆ ಕಾಸು ಗುಂಡಿ ತೋಡಿದೋರಿಗಲ್ವಾ? ಬೈರಪ್ಪ ತಗೊಂಡ.”

ಭಾಗ್ಯ ತನ್ನ ಡಬ್ಬಿಯಲ್ಲಿದ್ದ ಎಂಟಾಣೆ ಹಿಡಿದು ಓಡಿದಳು.

“ನಿಮ್ತಾತ ಸತ್ತ್ ಮ್ಯಾಲೂ ತಮಾಷೆ ಮಾಡ್ತಾನಲ್ಲವ್ವಾ!” ಬೈರಪ್ಪ ಸಿಡುಕಿದ. “ಒಂದ್ ಕಟ್ಟು ಬೀಡಿ ಕೇಳಿದ್ರೆ, ಕಳ್ಳ ಕಾಸು ತಂದಿದ್ದೀಯಾ ಅಂತ ಅಂಗಡಿಯೋನು ನನ್ನೇ ಉಗಿದ.”

ಎಂಟಾಣೆ ನೋಡಿದ್ದೇ ಅವನ ಮುಖ ಅರಳಿತು. “ತಗೋ ತಗೋ. ಹೊತ್ಕೊಂಡೋಗು ನಿನ್ ಗರುಡನ್ನ.”

ನಾಣ್ಯದ ರೆಕ್ಕೆಯ ಗೆರೆಗಳಲ್ಲಿ ವಿಭೂತಿ ಕೂತಿತ್ತು. ತಾತನ ವಿಭೂತಿ. ಹೀಗೇ ಕೊಟ್ಟರೆ ಮರಿಯ ಏನಂದಾಳು? ಭಾಗ್ಯ ಸ್ಕೂಲಿನ ನಲ್ಲಿ ತಿರುಗಿಸಿದಳು.

“ಏಯ್, ತೊಳೀಬೇಡ ಕಣೇ!” ಮರಿಯ ಓಡಿಬಂದಳು. “ಹಳೇ ಕಾಯಿನ್ ತೊಳೆದ್ರೆ ಹಾಳಾಗುತ್ತೆ!”

“ಇದು… ತಾತನ ಹಣೆ ಮೇಲಿತ್ತು ಕಣೇ. ಮಣ್ಣು ಮಾಡೋವಾಗ.”

ಮರಿಯ ಒಂದು ಹೆಜ್ಜೆ ಹಿಂದೆ ಹೋದಳು.

“ಭಯಾನಾ?”

“ಹೂಂ. ಸ್ವಲ್ಪ,” ಎಂದಳು ಮರಿಯ. ಆಮೇಲೆ ಕೈ ಚಾಚಿದಳು. “ಆದ್ರೂ ತೊಳೀಬಾರ್ದು.”

ಭಾಗ್ಯ ನಲ್ಲಿ ನಿಲ್ಲಿಸಿದಳು. ವಿಭೂತಿ ಇದ್ದ ಬದಿ ಮೇಲೆ ಬರುವಂತೆ, ನಾಣ್ಯವನ್ನು ಅವಳ ಅಂಗೈಯಲ್ಲಿ ಮೆಲ್ಲಗೆ ಇಟ್ಟಳು.