ಮನೆಗೆ ಬಂದ ಎಡಗಾಲು

ಕಾರು ಗಕ್ಕನೆ ನಿಂತಿತು. ಸಿಗ್ನೆಯ ಕೈಯಲ್ಲಿದ್ದ ಬನ್ನು ಹಾರಿ ಮುಂದಿನ ಗಾಜಿಗೆ ಬಡಿಯಿತು.

"ಅಜ್ಜೀ! ಮತ್ತೆ ಎಡಗಾಲು!"

"ಗೊತ್ತಾಯ್ತು ಕಣೆ, ಗೊತ್ತಾಯ್ತು!" ಎಂದಳು ಬೋರ್ಗಿಲ್ಡ್ ಅಜ್ಜಿ. ಅವಳ ಮುಖ ಕೆಂಪಾಗಿತ್ತು.

ಕಾರಿನ ಮುಂದಿನ ಚಕ್ರಗಳು ಗಾಡಿಗಳನ್ನು ನೀರು ದಾಟಿಸುವ ಫೆರಿಯ ಮೇಲಿದ್ದವು, ಹಿಂದಿನವು ಇನ್ನೂ ದಡದಲ್ಲೇ ಇದ್ದವು. ಹಿಂದಿನ ಕಾರಿನವರು ಹಾರ್ನ್ ಹೊಡೆಯತೊಡಗಿದರು. ಫೆರಿಯಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸುವ ಓಡ್ವಾರ್ ಎರಡೂ ಕೈ ಬೀಸಿ ಕರೆದ.

"ಬನ್ನಿ ಬೋರ್ಗಿಲ್ಡಕ್ಕ, ಬನ್ನಿ! ಫೆರಿ ಕಚ್ಚಲ್ಲ!"

ಡೆಕ್ಕಿನ ಮೇಲಿದ್ದವರೆಲ್ಲ ನಕ್ಕರು. ಅವರಲ್ಲಿ ಸಿಗ್ನೆಯ ಕ್ಲಾಸಿನ ಇಬ್ಬರು ಹುಡುಗರೂ ಇದ್ದರು. ಸಿಗ್ನೆ ಮೆಲ್ಲಗೆ ಸೀಟಿನಲ್ಲಿ ಕೆಳಕ್ಕೆ ಜಾರಿದಳು. ಅವಳ ತಲೆ ಕಿಟಕಿಯಿಂದ ಮಾಯವಾಯಿತು. ಅಜ್ಜಿ ಅದನ್ನು ನೋಡಿದಳು.

ಈ ಅಜ್ಜಿ ಸಾಮಾನ್ಯದವಳೇನಲ್ಲ. ಬೆಟ್ಟಗಳ ನಡುವೆ ಒಳಚಾಚಿದ ಕಡಲು ಫ್ಯೋರ್ಡ್, ಅದರ ಎರಡೂ ದಡಗಳಲ್ಲಿ ವರ್ಷಾನುಗಟ್ಟಲೆ ಹಾಲಿನ ಲಾರಿ ಓಡಿಸಿದವಳು. ಎಷ್ಟೇ ಹಿಮ ಬಿದ್ದರೂ ಅವಳ ಲಾರಿ ನಿಂತದ್ದಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಅವಳ ಎಡ ಮಂಡಿಗೆ ಆಪರೇಷನ್ ಆಯಿತು. ಇನ್ನು ಕ್ಲಚ್ ತುಳಿಯುವ ಹಾಗಿರಲಿಲ್ಲ. ಅದಕ್ಕೇ ಈ ಆಟೋಮ್ಯಾಟಿಕ್ ಕಾರು ಮನೆಗೆ ಬಂದಿತ್ತು.

ಇದಕ್ಕೆ ಕ್ಲಚ್ಚೇ ಇಲ್ಲ. ಇರುವುದು ಎರಡೇ ಪೆಡಲು, ಎರಡಕ್ಕೂ ಬಲಗಾಲೇ ಸಾಕು. ಆದರೆ ಅಜ್ಜಿಯ ಎಡಗಾಲಿಗೆ ಅದನ್ನು ಯಾರು ಹೇಳಬೇಕು? ಕಾರಿನ ವೇಗ ಕಡಿಮೆಯಾದರೆ ಸಾಕು, ಅದು ತಾನೇ ಎದ್ದು ಕ್ಲಚ್ ಹುಡುಕುತ್ತಿತ್ತು. ಸಿಗುತ್ತಿದ್ದದ್ದು ಮಾತ್ರ ಬ್ರೇಕು. ಅದನ್ನೇ ಜೋರಾಗಿ ತುಳಿದುಬಿಡುತ್ತಿತ್ತು.

ಅವತ್ತು ಸಿಗ್ನೆಯ ಬ್ಯಾಂಡ್ ಪ್ರಾಕ್ಟೀಸ್ ಮುಗಿಸಿ ಹೇಗೋ ಮನೆ ಸೇರಿದರು. ಅಜ್ಜಿ ಕಾರಿನ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು.

"ಸಾಕು. ನಿಮ್ಮ ಟೊರ್ಗೈರ್ ಮಾಮನಿಗೆ ಹೇಳ್ತೀನಿ, ಈ ಕಾರು ಮಾರಿಬಿಡ್ಲಿ."

"ಮತ್ತೆ ಮೇ ಹದಿನೇಳಕ್ಕೆ?" ಸಿಗ್ನೆಗೆ ಗಾಬರಿಯಾಯಿತು.

ಮೇ ಹದಿನೇಳು ಇಡೀ ದೇಶದ ಬಾವುಟದ ಹಬ್ಬ. ಆಚೆ ದಡದಲ್ಲಿ ದೊಡ್ಡ ಮೆರವಣಿಗೆ. ಬ್ಯಾಂಡಿನಲ್ಲಿ ಈ ಸಲ ಹಾಡಿನ ಮೊದಲ ಸಾಲು ಸಿಗ್ನೆಯ ಕಾರ್ನೆಟ್‌ನದು, ಅವಳೊಬ್ಬಳೇ ಊದಬೇಕು. ಅಮ್ಮನಿಗೆ ಅವತ್ತು ಆಸ್ಪತ್ರೆಯಲ್ಲಿ ಡ್ಯೂಟಿ. ಮಾಮನ ಕುರಿಗಳು ಮರಿ ಹಾಕುತ್ತಿದ್ದವು, ಅವನು ದೊಡ್ಡಿ ಬಿಟ್ಟು ಕದಲುವ ಹಾಗಿರಲಿಲ್ಲ.

"ಯಾರಾದ್ರೂ ಕರ್ಕೊಂಡು ಹೋಗ್ತಾರೆ ಬಿಡು," ಎಂದಳು ಅಜ್ಜಿ. "ಅವರ ಕಾರಲ್ಲಾದ್ರೆ ನೆಟ್ಟಗೆ ಕೂತ್ಕೋಬಹುದು."

ಸಿಗ್ನೆಯ ಕಿವಿ ಬಿಸಿಯಾಯಿತು.

ಅಜ್ಜಿ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಬೂಟು ಬಿಚ್ಚತೊಡಗಿದಳು. ಬೂಟು ಹಾಕಿಕೊಂಡು ಒಳಗೆ ನಡೆಯುವವರನ್ನು ಈ ಊರಿನಲ್ಲಿ ಯಾರೂ ಕ್ಷಮಿಸುವುದಿಲ್ಲ. ಎಡಗಾಲಿನ ಬೂಟು ಕಳಚಿತು. ಅಜ್ಜಿ ಉಸ್ಸೆಂದು ಕಾಲು ಚಾಚಿದಳು. ಉಣ್ಣೆಯ ಸಾಕ್ಸಿನೊಳಗೆ ಬೆರಳುಗಳು ಹಾಯಾಗಿ ಅಲ್ಲಾಡಿದವು. ಆ ಕಾಲಿಗೆ ಇನ್ನು ಯಾವ ಕೆಲಸವೂ ಬೇಕಿರಲಿಲ್ಲ.

"ಅಜ್ಜಿ, ನಿಲ್ಲು!" ಸಿಗ್ನೆ ಕೂಗಿದಳು. "ಇನ್ನೊಂದು ಬೂಟು ಬಿಚ್ಚಬೇಡ! ಹಾಗೇ ಬಾ, ಕಾರಿಗೆ!"

"ಒಂದೇ ಬೂಟಲ್ಲಾ? ತಲೆ ಕೆಟ್ಟಿದೆಯಾ ನಿಂಗೆ?"

"ಬೂಟು ಬಿಚ್ಚಿದ್ರೆ ಮನೆಗೆ ಬಂದ ಹಾಗೆ ತಾನೆ? ನಿನ್ನ ಎಡಗಾಲು ಮನೆಗೆ ಬಂತು. ಬಲಗಾಲಿಗೆ ಮಾತ್ರ ಇನ್ನೂ ಡ್ಯೂಟಿ ಇದೆ."

ಅಜ್ಜಿ ತನ್ನ ಎರಡೂ ಕಾಲುಗಳನ್ನು ನೋಡಿಕೊಂಡಳು. ಆಮೇಲೆ ಮೊಳೆಯಿಂದ ಕೀಲಿ ತೆಗೆದಳು.

ಮೀನಿನ ಹಳೆಯ ಶೆಡ್ಡಿನ ಹಿಂದೆ ಖಾಲಿ ಅಂಗಳವಿತ್ತು. ಕಾರು ಮೆಲ್ಲಗೆ ಹೊರಟಿತು, ವೇಗ ಇಳಿಯಿತು. ಎಡಗಾಲು ಎಂದಿನಂತೆ ಎದ್ದಿತು. ಸಾಕ್ಸಿಗೆ ತಣ್ಣನೆಯ ಪೆಡಲು ತಗುಲಿತು.

"ಅಯ್ಯಯ್ಯೋ!" ಎಂದು ಅಜ್ಜಿ ಕಾಲನ್ನು ಹಿಂದಕ್ಕೆಳೆದುಕೊಂಡಳು.

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ದಿನಾ ಸಂಜೆ ಅಂಗಳದಲ್ಲಿ ಅದೇ ಆಟ.

"ಎಡಗಾಲು?" ಸಿಗ್ನೆ ಕೇಳುತ್ತಿದ್ದಳು.

"ಮನೇಲಿದೆ!" ಅಜ್ಜಿ ಕೂಗುತ್ತಿದ್ದಳು.

"ರಿವರ್ಸ್‌ನಿಂದ ಡ್ರೈವ್‌ಗೆ ಹಾಕೋ ಮುಂಚೆ ಪೂರ್ತಿ ನಿಲ್ಲಿಸ್ಬೇಕು ಅಜ್ಜಿ."

"ಲಾರಿ ಓಡಿಸಿದವಳಿಗೇ ಪಾಠ ಹೇಳ್ತೀಯಾ? ನಿಲ್ಲಿಸಿದೀನಿ, ನೋಡು!"

ಮೇ ಹದಿನೇಳು ಬಂತು. ಅಜ್ಜಿ ಕಸೂತಿಯ ಹಬ್ಬದ ಲಂಗ ಉಟ್ಟಿದ್ದಳು. ಬಲಗಾಲಿಗೆ ಬೆಳ್ಳಿ ಬಕಲಿನ ಷೂ. ಎಡಗಾಲಿನ ಷೂ ಸಿಗ್ನೆಯ ತೊಡೆಯ ಮೇಲೆ, ಕಾರ್ನೆಟ್ ಪಕ್ಕದಲ್ಲಿತ್ತು.

ಫೆರಿಗೆ ಇಳಿಯುವ ದಾರಿ ಕಡಿದು, ತಿರುವಿನ ಮೇಲೆ ತಿರುವು. ಅಜ್ಜಿ ಗೇರಿನ ಕೋಲನ್ನು 'ಎಲ್'ಗೆ, ಅಂದರೆ ನಿಧಾನದ ಗೇರಿಗೆ, ಎಳೆದಳು. ಎಂಜಿನ್ ಗುರ್ ಎಂದು ಕಾರನ್ನು ಹಿಡಿದುಕೊಂಡಿತು.

"ಇಳಿಜಾರಲ್ಲಿ ಬ್ರೇಕನ್ನೇ ಒತ್ಕೊಂಡು ಹೋದ್ರೆ ಬಿಸಿಯಾಗಿ ಕೈ ಕೊಡುತ್ತೆ," ಎಂದಳು. "ಇದು ಮಾತ್ರ ಲಾರಿ ಕಲಿಸಿದ್ದು!"

ಕೆಳಗೆ ಫೆರಿ ಕಾಯುತ್ತಿತ್ತು. ಇವರ ಕಾರನ್ನು ಕಂಡದ್ದೇ ಓಡ್ವಾರ್ ಬಾವುಟ ಎತ್ತಿ ಕೂಗಿದ, "ಎಲ್ಲರೂ ಹಿಂದೆ ಸರೀರಪ್ಪಾ, ಬೋರ್ಗಿಲ್ಡಕ್ಕ ಬಂದ್ರು!"

"ಈಗ ಬನ್ನು ಹಾರುತ್ತೆ ನೋಡು!" ಎಂದ ಡೆಕ್ಕಿನ ಮೇಲಿದ್ದ ಅದೇ ಕ್ಲಾಸಿನ ಒಬ್ಬ ಹುಡುಗ. ಇನ್ನೊಬ್ಬ ಕಿಸಕ್ಕೆಂದ.

ಸಿಗ್ನೆಯ ಬೆನ್ನು ತಾನಾಗಿಯೇ ಕೆಳಕ್ಕೆ ಜಾರತೊಡಗಿತು. ಅವಳು ಅಜ್ಜಿಯತ್ತ ನೋಡಿದಳು. ಅಜ್ಜಿ ತುಟಿ ಕಚ್ಚಿಕೊಂಡು ನೇರ ಮುಂದೆ ನೋಡುತ್ತಿದ್ದಳು. ಬೇಕೆಂದೇ ಪಕ್ಕಕ್ಕೆ ತಿರುಗುತ್ತಿರಲಿಲ್ಲ.

ಸಿಗ್ನೆ ನೆಟ್ಟಗೆ ಕೂತಳು. ಕಿಟಕಿ ಇಳಿಸಿದಳು. ಎಲ್ಲರಿಗೂ ಕೇಳುವ ಹಾಗೆ ಕೂಗಿದಳು, "ಅಜ್ಜೀ, ಎಡಗಾಲು?"

"ಮನೇಲಿದೆ!" ಅಜ್ಜಿ ಅದಕ್ಕಿಂತ ಜೋರಾಗಿ ಕೂಗಿದಳು.

ಕಾರು ದಡದಿಂದ ಫೆರಿಗೆ ಬೆಣ್ಣೆಯ ಮೇಲೆ ಜಾರಿದಂತೆ ಬಂತು. ಓಡ್ವಾರ್ ಅಂಗೈ ತೋರಿಸುತ್ತಾ ಕರೆದ. ಬನ್ನಿ, ಇನ್ನೂ, ಇನ್ನೂ ಸ್ವಲ್ಪ, ಸಾಕು! ಬಲಗಾಲು ಬ್ರೇಕನ್ನು ನಯವಾಗಿ ಒತ್ತಿತು. ಮುಂದಿನ ಕಾರಿಗೆ ಒಂದು ಗೇಣು ಬಿಟ್ಟು ಕಾರು ನಿಂತಿತು. ಅಜ್ಜಿ ಹ್ಯಾಂಡ್‌ಬ್ರೇಕ್ ಎಳೆದಳು, ಕೋಲನ್ನು 'ಪಿ'ಗೆ ತಂದಳು, ಆಮೇಲೆ ಎಂಜಿನ್ ಆರಿಸಿದಳು.

"ಇಷ್ಟೇನಾ?" ಎಂದ ಆ ಹುಡುಗ. ಅವನಿಗೆ ಭಾರಿ ನಿರಾಸೆಯಾಗಿತ್ತು.

ಓಡ್ವಾರ್ ಟೋಪಿ ತೆಗೆದು ಬಗ್ಗಿ ನಮಸ್ಕರಿಸಿದ. ಸಿಗ್ನೆಗೆ ಖುಷಿ ತಡೆಯಲಾಗಲಿಲ್ಲ. ಕಾರ್ನೆಟ್ಟನ್ನು ಕಿಟಕಿಯಿಂದ ಹೊರಗೆ ಚಾಚಿ ಮೆರವಣಿಗೆಯ ಹಾಡಿನ ಮೊದಲ ಸಾಲನ್ನು ಅಲ್ಲೇ ಊದಿಬಿಟ್ಟಳು. ಡೆಕ್ಕಿನವರೆಲ್ಲ ಬಾವುಟ ಬೀಸಿದರು. ಫೆರಿಯೂ ಬೋಂ ಎಂದು ಕೂಗಿ ಹೊರಟಿತು.

ಅಜ್ಜಿ ಈಗ ಪಕ್ಕಕ್ಕೆ ತಿರುಗಿದಳು. ಸಿಗ್ನೆಯ ತಲೆ ಕಿಟಕಿಯ ಮಟ್ಟಕ್ಕಿಂತ ಎಷ್ಟೋ ಮೇಲಿತ್ತು. ಅದನ್ನು ನೋಡಿ ಅಜ್ಜಿಯ ಕಣ್ಣು ತುಂಬಿತು.

ಬನ್ನು ಹಾರಿದ ದಿನ ಅಜ್ಜಿಗೆ ನೋವಾದದ್ದು ಡೆಕ್ಕಿನವರ ನಗುವಿನಿಂದಲ್ಲ ಎಂದು ಸಿಗ್ನೆಗೆ ಗೊತ್ತಾಯಿತು. ಅವಳು ಕಾರಿನಿಂದ ಇಳಿದು ಆಚೆ ಬದಿಗೆ ಬಂದಳು. ಅಜ್ಜಿಯ ಬಾಗಿಲು ತೆರೆದು, ಎಲ್ಲರೂ ನೋಡುತ್ತಿದ್ದ ಹಾಗೆಯೇ ಡೆಕ್ಕಿನ ಮೇಲೆ ಮಂಡಿಯೂರಿದಳು. ಎಡಗಾಲಿಗೆ ಷೂ ತೊಡಿಸಿ, ಬೆಳ್ಳಿ ಬಕಲನ್ನು ತಾನೇ ಹಾಕಿದಳು.